ಸಣ್ಣ ಊರಿನ ಶಾಲೆ ಮುಚ್ಚದಂತೆ ನೋಡಿಕೊಳ್ಳುವ ಬಗೆ

ಊರಿನ ಕಿರಿಯ ಪ್ರಾಥಮಿಕ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನಗೊಳಿಸುತ್ತಾರೆಂಬ ಸುದ್ದಿ ಬಂದ ಕೂಡಲೇ ಧರಣಿಗೆ ಕೂರುವ ಬದಲು ಮೊದಲು ಮನೆಮನೆಗೆ ಹೋಗಿ ಪಟ್ಟಿ ಮಾಡಬೇಕು. ಕಡತದಲ್ಲಿ ನಿಲ್ಲುವುದು ದಾಖಲಾತಿಯ ಅಂಕಿಯೇ ಹೊರತು ಘೋಷಣೆಯಲ್ಲ. ಶಾಲೆಗೆ ಬರುತ್ತಿರುವವರ ಜೊತೆಗೆ ಅಂಗನವಾಡಿಯಿಂದ ಮುಂದಿನ ಮೂರು ವರ್ಷಗಳಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳನ್ನೂ, ಪೇಟೆಯ ಖಾಸಗಿ ಶಾಲೆಯ ವ್ಯಾನ್ ಹತ್ತುವವರನ್ನೂ ಬರೆದುಕೊಳ್ಳಿ. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಲ್ಲಾದರೆ ತಂದೆತಾಯಿಯೊಂದಿಗೆ ಗುಳೆ ಹೋದ ಮಕ್ಕಳಿಗೆ ಪ್ರತ್ಯೇಕ ಕಾಲಂ ಬೇಕು. ಇಲ್ಲದಿದ್ದರೆ ಅವರು ಶಾಲೆ ಬಿಟ್ಟವರೆಂದೇ ಲೆಕ್ಕವಾಗುತ್ತಾರೆ.

ಎರಡನೆಯದು ದೂರ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿಯ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆ 1 ಕಿಲೋಮೀಟರ್ ನಡಿಗೆಯೊಳಗಿರಬೇಕು. ನಕ್ಷೆಯ ಮೇಲೆ ಗೆರೆ ಎಳೆದು ಅಳೆದರೆ ಸಾಲದು. ಮಳೆಗಾಲದಲ್ಲಿ ಒಂದನೇ ತರಗತಿಯ ಮಗುವಿನ ಜೊತೆ ಆ ದಾರಿಯನ್ನು ನಡೆದೇ ನೋಡಬೇಕು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲಾಗದೆ ಮಗು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವುದನ್ನೂ, ನವಲಗುಂದ ಭಾಗದಲ್ಲಿ ಬೆಣ್ಣೆಹಳ್ಳ ಉಕ್ಕಿ ರಸ್ತೆ ಬಂದಾಗುವುದನ್ನೂ ದಿನಾಂಕ ಸಹಿತ ಫೋಟೊ ತೆಗೆದು ಮನವಿಗೆ ಲಗತ್ತಿಸಿ.

ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕಾದ್ದರಿಂದ ಆ ಸಮಿತಿಯ, ಅಂದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿಗೆ ಬೆಲೆಯಿದೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಗ್ರಾಮಸಭೆಯಲ್ಲೂ ಠರಾವು ಮಾಡಿಸಿ, ಎರಡನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೂ ಧಾರವಾಡದಲ್ಲಿರುವ ಅದೇ ಇಲಾಖೆಯ ಅಪರ ಆಯುಕ್ತರ ಕಚೇರಿಗೂ ಪ್ರತಿ ಹೋಗಲಿ. ವಿಲೀನದ ಪ್ರಸ್ತಾವ ಕಣ್ಣಿಗೆ ಬೀಳದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನಗಳೊಳಗೆ ಉತ್ತರ ಬರಬೇಕು.

ನಿಜವಾದ ಕಷ್ಟವಿರುವುದು ವ್ಯಾನ್ ಹತ್ತಿದ ಮಕ್ಕಳನ್ನು ವಾಪಸ್ ಕರೆತರುವುದರಲ್ಲಿ. ಒಬ್ಬರೇ ಶಿಕ್ಷಕರು ಐದೂ ತರಗತಿ ನೋಡಿಕೊಳ್ಳುತ್ತ ನಡುನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಾಲೆಗೆ ಮಗುವನ್ನು ಕಳಿಸಿರೆಂದರೆ ಯಾವ ತಾಯಿಯೂ ಒಪ್ಪಲಿಕ್ಕಿಲ್ಲ, ಅದು ತಪ್ಪೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಬೇಕಾದ್ದರಿಂದ, ಶಾಲೆ ಉಳಿಸಿರೆಂಬ ಮನವಿಯಲ್ಲೇ ಎರಡನೇ ಶಿಕ್ಷಕರನ್ನೂ, ಅವರು ಬರುವತನಕ ಅತಿಥಿ ಶಿಕ್ಷಕರನ್ನೂ ಕೇಳಬೇಕು. (ಸಮಿತಿ ಅಧ್ಯಕ್ಷರ ಸ್ವಂತ ಮಕ್ಕಳೇ ವ್ಯಾನ್‌ನಲ್ಲಿ ಹೋಗುತ್ತಿದ್ದರೆ ಅಧಿಕಾರಿಗಳ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.) ಹಿಂದಿರುಗಲು ಒಪ್ಪಿದವರ ವರ್ಗಾವಣೆ ಪತ್ರವನ್ನು ಶಾಲೆ ಶುರುವಾಗುವ ಹೊತ್ತಿಗೇ ತರಿಸಿ, ಮುಖ್ಯಗುರುಗಳಿಂದ ಇಲಾಖೆ ಮಕ್ಕಳ ದಾಖಲಾತಿ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಹೆಸರು ಏರಿಸಿಕೊಳ್ಳಿ. ತರಗತಿಯಲ್ಲಿ ಕೂತ ಮಗುವಿನ ಹೆಸರು ಅಲ್ಲಿ ಇಲ್ಲದಿದ್ದರೆ ಇಲಾಖೆಯ ಲೆಕ್ಕಕ್ಕೆ ಆ ಮಗು ನಿಮ್ಮ ಶಾಲೆಯದ್ದಲ್ಲ.