ಕೂಲಿ ರಿಜಿಸ್ಟರ್ ಗೆಲ್ಲಿಸಿದ ಕೇಸು

ಜೈಲಿನಲ್ಲಿ ಗಾಯಗೊಂಡವನಿಗೆ ಸರ್ಕಾರದಿಂದ ಪರಿಹಾರ ಕೊಡಿಸುತ್ತೇನೆ ಅಂದಾಗ ಕಾಸರಗೋಡಿನ ವಕೀಲ ಮಿತ್ರರಲ್ಲಿ ನಕ್ಕವರೇ ಜಾಸ್ತಿ. ಒಬ್ಬ ಹಿರಿಯರು ಸಾರ್ವಭೌಮ ಅಧಿಕಾರ ಚಲಾಯಿಸುವಾಗ ನೌಕರರು ಮಾಡಿದ ತಪ್ಪಿಗೆ ಸರ್ಕಾರ ಪರಿಹಾರ ಕೊಡಬೇಕಿಲ್ಲ ಅಂದ ಸುಪ್ರೀಂ ಕೋರ್ಟಿನ 1965ರ ಕಸ್ತೂರಿ ಲಾಲ್ ತೀರ್ಪು ತೋರಿಸಿ, "ಇದು ನಿಲ್ಲುವುದಿಲ್ಲ ಮಾರಾಯ" ಅಂದಿದ್ದರು. ಈಗ ಸರ್ಕಾರ ಎರಡೂವರೆ ಲಕ್ಷದ ಹತ್ತಿರ ಕೊಡಬೇಕು ಅಂತ ಡಿಕ್ರಿಯಾಗಿದೆ, ಮೇಲೆ ಬಡ್ಡಿ. ತೀರ್ಪಿನ ಪ್ರತಿ ಕೇಳಿದವರಲ್ಲಿ ಅವರೇ ಮೊದಲಿಗರು.

ಕಕ್ಷಿಗಾರ ಮಂಜೇಶ್ವರ ಕಡೆಯವನು. ಜೈಲಿನ ಚಪಾತಿ ಘಟಕದಲ್ಲಿ ಹಿಟ್ಟು ಕಲಸುವ ಮೆಷಿನಿಗೆ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ಆಸ್ಪತ್ರೆ ಚೀಟಿಯಲ್ಲಿ ಮಾತ್ರ ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು ಅಂತ ಮಲಯಾಳದಲ್ಲಿ ಬರೆದಿತ್ತು. ಕೆಳಗೆ ಎಡಗೈ ಹೆಬ್ಬೆಟ್ಟು. ಅವನೋ ಕನ್ನಡದಲ್ಲಿ ಚೆಂದಕ್ಕೆ ಸಹಿ ಮಾಡುವವನು, ಮಲಯಾಳ ಓದಲು ಬಾರದು.

ಮೊದಲು ಮೂಲಭೂತ ಹಕ್ಕಿನ ಹೆಸರಲ್ಲಿ ನೇರ ಹೈಕೋರ್ಟಿಗೇ ರಿಟ್ ಅರ್ಜಿ ಹಾಕಿದೆವು. 1993ರ ನೀಲಾಬತಿ ಬೆಹೆರಾ ಕೇಸಿನಲ್ಲಿ, ಪೊಲೀಸ್ ವಶದಲ್ಲಿ ಸತ್ತವನ ತಾಯಿಗೆ ಸುಪ್ರೀಂ ಕೋರ್ಟ್ ಒಂದೂವರೆ ಲಕ್ಷ ಕೊಡಿಸಿತ್ತಲ್ಲ, ಆ ಧೈರ್ಯ. ಗಾಯ ಹೇಗಾಯಿತು ಅನ್ನುವುದೇ ತಕರಾರು, ಸಾಕ್ಷಿ ಬೇಕು, ಸಿವಿಲ್ ಕೋರ್ಟಿಗೆ ಹೋಗಿ ಅಂದಿತು ಹೈಕೋರ್ಟ್. ಎರ್ನಾಕುಳಂ ಓಡಾಟ, ಅನುವಾದ, ಟೈಪಿಂಗ್ ಸೇರಿ ಮೂವತ್ತು ಸಾವಿರದಷ್ಟು ನೀರಲ್ಲಿ ಹೋಮ.

ದಾರಿ ತೋರಿಸಿದ್ದು ಆಂಧ್ರದ ಕೋಯಿಲಕುಂಟ್ಲ ಸಬ್‌ಜೈಲಿನ ಕೇಸು. 1977ರಲ್ಲಿ ಅಲ್ಲಿ ಬಾಂಬ್ ದಾಳಿಯಾಗಿ ತಂದೆ ಸತ್ತ, ಜೊತೆಗಿದ್ದ ಮಗನಿಗೆ ಗಾಯವಾಯಿತು. ಅವರದ್ದೂ ಸಿವಿಲ್ ದಾವೆಯೇ. ಸರ್ಕಾರ ಸಾರ್ವಭೌಮತ್ವದ ಮರೆಯಲ್ಲಿ ನಿಲ್ಲುವಂತಿಲ್ಲ ಅಂತ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಸ್ತೂರಿ ಲಾಲ್‌ಗೆ ಇದೇ ಉತ್ತರ.

ಸರ್ಕಾರದ ಮೇಲೆ ದಾವೆ ಹಾಕುವ ಎರಡು ತಿಂಗಳ ಮೊದಲು ಕೊಡಬೇಕಾದ ಸೆಕ್ಷನ್ 80ರ ನೋಟಿಸನ್ನು ವಿದ್ಯಾನಗರದ ಕಲೆಕ್ಟರ್ ಕಚೇರಿಗೇ ಕೊಟ್ಟೆ, ತಿರುವನಂತಪುರಕ್ಕೆ ಹೋಗಬೇಕಿಲ್ಲ. ಆ ಎರಡು ತಿಂಗಳು ಸುಮ್ನೆ ಕೂರದೆ, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಜೈಲಿನ ಕೂಲಿ ರಿಜಿಸ್ಟರ್ ಕೇಳಿದೆ. ಆಸ್ಪತ್ರೆ ದಾಖಲೆ ಕೇಳಿದ್ದರೆ ಎಚ್ಚರಾಗುತ್ತಿದ್ದರು. ಕೂಲಿ ಲೆಕ್ಕ ಅಂದಾಗ ಯಾರಿಗೂ ಅನುಮಾನ ಬರಲಿಲ್ಲ. ಗಾಯವಾದ ದಿನ ಅವನ ಹೆಸರಿನ ಮುಂದೆ ಚಪಾತಿ ಘಟಕ, ಅರ್ಧ ಕೂಲಿ. ಮರುದಿನದಿಂದ ಬರೀ ಗೆರೆ. ಬಾತ್‌ರೂಮಿನ ಕಥೆ ಅಲ್ಲಿಗೇ ಬಿತ್ತು. ವಾರ್ಡನ್‌ನ ಪಾಟೀಸವಾಲಿನಲ್ಲಿ ಯಾವ ಪ್ರಶ್ನೆ ಮೊದಲು ಹಾಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಕೋರ್ಟ್ ಫೀಸು ಕಟ್ಟಲು ಅವನಿಗೆ ಗತಿಯಿಲ್ಲ ಅಂತ ನಿರ್ಗತಿಕ ಅರ್ಜಿ ಹಾಕಿದ್ದೆ. ವಿಲೇಜ್ ಆಫೀಸಿನ ವರದಿಗೇ ಒಂದು ಮಳೆಗಾಲ ಹೋಯಿತು. ಕೂಲಿ ರಿಜಿಸ್ಟರಿನ ಉಪಾಯವನ್ನು ಇನ್ನೊಬ್ಬ ಕೈದಿಯ ಕ್ಯಾಂಟೀನ್ ಬಾಕಿಗೂ ಮಾಡಿ ನೋಡಿದೆ, ನಡೆಯಲಿಲ್ಲ.

ದುಡ್ಡು ಇನ್ನೂ ಬಂದಿಲ್ಲ. ಸರ್ಕಾರದ ಮೇಲಿನ ಡಿಕ್ರಿ ಅಲ್ವಾ, ಮೂರು ತಿಂಗಳು ತುಂಬದೆ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ವಸೂಲಿ, ಆಗುವುದಿಲ್ಲ. ಅರ್ಜಿ ಟೈಪ್ ಮಾಡಿಟ್ಟಿದ್ದೇನೆ.