ನಮ್ಮ ತಾಲೂಕಿನಲ್ಲಿ ಎಷ್ಟು ಸಂಘ-ಸಂಸ್ಥೆ ಇವೆ? ಎಣಿಸಲು ಹೊರಡುವವರಿಗೆ

2019ರ ಆಗಸ್ಟ್ ನೆರೆ ನೆನಪಿದೆ ಅಲ್ವಾ? ಸಿರ್ಸಿಯಿಂದ ನಾವು ನಾಲ್ಕು ಜನ ಅಕ್ಕಿ, ಚಾದರ ತುಂಬಿಕೊಂಡು ಘಟ್ಟ ಇಳಿದಿದ್ದೆವು. ಯಾರ ಕೈಗೆ ಕೊಡಬೇಕು ಅನ್ನೋದೇ ಗೊತ್ತಿರಲಿಲ್ಲ. ಕಡೆಗೆ ಒಂದು ಶಾಲೆಯಲ್ಲಿ ಇಳಿಸಿ ಬಂದೆವು. ಆ ಶಾಲೆಗೆ ಆಗಲೇ ಬೇರೆ ಎರಡು ಕಡೆಯಿಂದ ಚಾದರ ಬಂದಿತ್ತು, ಪಕ್ಕದ ಕೇರಿಗೆ ಒಂದೂ ಮುಟ್ಟಿರಲಿಲ್ಲ. ಆ ಕೇರಿಯಲ್ಲೇ ಒಂದು ಯುವಕ ಮಂಡಳಿ ಇತ್ತು, ದೋಣಿ ಇಟ್ಟುಕೊಂಡು ಮೂರು ದಿನ ಜನರನ್ನು ದಾಟಿಸಿತ್ತು ಅಂತ ಗೊತ್ತಾಗಿದ್ದು ನೀರು ಇಳಿದ ಮೇಲೆ. ಅವತ್ತಿನಿಂದ ನಾನು ಇಂಥ ಸಂಘ-ಸಂಸ್ಥೆಗಳ ಪಟ್ಟಿ ಮಾಡುತ್ತಾ ಬಂದಿದ್ದೇನೆ. ಹೇಗೆ ಮಾಡಿದೆ, ನೀವು ನಿಮ್ಮ ಕಡೆ ಹೇಗೆ ಮಾಡಬಹುದು ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಮೊದಲು ತಲೆಯಿಂದ ಒಂದು ತೆಗೆದುಹಾಕಿ. ‘ಎನ್‌ಜಿಒ’ ಅಂದ ಕೂಡಲೇ ಜೀಪು, ಆಫೀಸು, ಬೆಂಗಳೂರಿನ ವಿಳಾಸ ಕಣ್ಣ ಮುಂದೆ ಬರುತ್ತದೆ. ಲಾಭ ಹಂಚಿಕೊಳ್ಳದೆ ನಡೆಯುವ ಸಂಸ್ಥೆಗಳಲ್ಲಿ ಅಂಥವು ಒಂದು ಪಾಲು ಮಾತ್ರ. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ ಕೆಎಲ್‌ಇ ಸೊಸೈಟಿಯೂ ಅದರಲ್ಲಿದೆ, ಇವತ್ತು ಅದರಡಿ ಎಷ್ಟು ಕಾಲೇಜು, ಆಸ್ಪತ್ರೆ ಇವೆ ನೋಡಿ. ಊರ ಮೂಲೆಯ ವಾಲಿಬಾಲ್ ಸಂಘವೂ ಅದರಲ್ಲಿದೆ. ಕಾನೂನಿನ ಕಣ್ಣಿಗೆ ಇಬ್ಬರೂ ಸಂಘವೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ನೋಡಿ. ದಿನಕರ ದೇಸಾಯಿಯವರು 1953ರಲ್ಲಿ ಶುರು ಮಾಡಿದ ಅಂಕೋಲೆಯ ಕೆನರಾ ವೆಲ್‌ಫೇರ್ ಟ್ರಸ್ಟ್ ಶಾಲೆ-ಕಾಲೇಜು ನಡೆಸುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಆಟ ಆಡಿಸುತ್ತದೆ. ಹೊನ್ನಾವರ ಕಾಸರಕೋಡಿನಲ್ಲಿ ಡಾ. ಕುಸುಮಾ ಸೊರಬ ಅವರು ಬೆಳೆಸಿದ ಸ್ನೇಹಕುಂಜ ಬಡವರ ಆರೋಗ್ಯ ನೋಡಿತು. ಸಿರ್ಸಿಯ ವನಸ್ತ್ರೀ ಹೆಣ್ಣುಮಕ್ಕಳ ಕೈಯಲ್ಲಿ ನಾಟಿ ಬೀಜ ಉಳಿಸುತ್ತಿದೆ. ಇವೆಲ್ಲ ಒಂದೇ ಪಟ್ಟಿಗೆ ಬರಬೇಕು.

ಆದರೆ ಆ ಪಟ್ಟಿ ಎಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಒಂದೊಂದು ಬಗೆಯ ಸಂಸ್ಥೆ ಒಂದೊಂದು ಕಚೇರಿಯ ಪುಸ್ತಕದಲ್ಲಿದೆ.

ಜಾಸ್ತಿ ಸಿಗುವುದು ಸಂಘಗಳ ಪುಸ್ತಕದಲ್ಲಿ, ಅಲ್ಲಿಂದಲೇ ಶುರು ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಬಂದಿದ್ದು 1960ರಲ್ಲಿ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಣಿ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯ ಕೈಯಲ್ಲಿದೆ, ಹಾಗಾಗಿ ನಮಗೆ ಕಾರವಾರ. ಘಟ್ಟದ ಮೇಲಿನ ತಾಲೂಕಿನವರಿಗೆ ಒಂದು ಇಡೀ ದಿನ ಹೋಗುತ್ತದೆ, ಅದಕ್ಕೇ ನಾನು ಹೇಳುವುದು, ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ‘ಜಿಲ್ಲೆಯ ಎಲ್ಲಾ ಮಾಹಿತಿ’ ಅಂತ ಬರೆದರೆ ಅರ್ಜಿ ವಾಪಸು ಬಂದೀತು. ಹೀಗೆ ಕೇಳಿ: ಇಂಥ ತಾಲೂಕಿನಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ನೋಂದಣಿಯಾದ ಸಂಘಗಳ ಹೆಸರು, ವಿಳಾಸ, ನೋಂದಣಿ ಸಂಖ್ಯೆ. ಕೊನೆಯದಾಗಿ ವಾರ್ಷಿಕ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಿದ ವರ್ಷ ಯಾವುದು ಅಂತಲೂ ಕೇಳಿ, ಆ ಒಂದು ಕಾಲಂ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ಸಂಘಗಳು ಪ್ರತಿ ವರ್ಷ ಮಹಾಸಭೆ ಮಾಡಿ ಆಡಳಿತ ಮಂಡಳಿಯ ಪಟ್ಟಿ ಕೊಡಲೇಬೇಕು. ಹತ್ತು ವರ್ಷದಿಂದ ಕೊಟ್ಟಿಲ್ಲ ಅಂದರೆ ಸಂಘ ನಿಂತಿರಬಹುದು, ಇಲ್ಲವೇ ಕಾಗದ ಬರೆಯುವವರು ಯಾರೂ ಇಲ್ಲದೇ ಇರಬಹುದು. ಎರಡೂ ಒಂದೇ ಅಲ್ಲ.

ಇನ್ನೊಂದು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಹಳೆಯ ಶಿಕ್ಷಣ ಸಂಸ್ಥೆಗಳ ಕಾಗದದಲ್ಲಿ 1860ರ ಹಳೇ ಕಾಯ್ದೆಯ ಹೆಸರು ಕಂಡರೆ ಗಾಬರಿ ಬೇಡ, ಅದೂ ನೋಂದಣಿಯೇ.

ಟ್ರಸ್ಟ್‌ಗಳದ್ದು ಬೇರೆ ದಾರಿ. ಇವುಗಳ ಪತ್ರ ಇರುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಜಾಗದ ಖರೀದಿ ಪತ್ರ ಆಗುತ್ತದಲ್ಲ, ಅಲ್ಲೇ. ನಾನು ಇಲ್ಲಿ ಮೂರು ಸಲ ಸುಮ್ನೆ ಅಲೆದೆ. ಆಮೇಲೆ ಒಬ್ಬ ಪತ್ರಬರಹಗಾರರು ಕೂರಿಸಿಕೊಂಡು ತಿಳಿಸಿ ಹೇಳಿದರು. 1908ರ ನೋಂದಣಿ ಕಾಯ್ದೆಯ ಪ್ರಕಾರ ಜಮೀನು, ಕಟ್ಟಡ ಒಳಗೊಂಡ ಪತ್ರ 1ನೇ ಪುಸ್ತಕಕ್ಕೆ ಹೋಗುತ್ತದೆ. ಅದನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ತೆಗೆಯಬಹುದು. ಬರೀ ಹಣ ಇಟ್ಟು ಮಾಡಿದ ಟ್ರಸ್ಟ್ ಪತ್ರ 4ನೇ ಪುಸ್ತಕಕ್ಕೆ ಹೋಗುತ್ತದೆ. ಅದರ ನಕಲು ಪತ್ರಕ್ಕೆ ಸಂಬಂಧಪಟ್ಟವರಿಗೆ ಮಾತ್ರ. ಅಂದರೆ ಐದು ಸಾವಿರ ರೂಪಾಯಿ ಇಟ್ಟು ಶುರು ಮಾಡಿದ ಟ್ರಸ್ಟ್ ನಿಮ್ಮ ಪಕ್ಕದ ಬೀದಿಯಲ್ಲೇ ಇದ್ದರೂ ಅದರ ಪತ್ರವನ್ನು ನೀವು ಕಚೇರಿಯಿಂದ ಪಡೆಯಲಾಗದು. ಟ್ರಸ್ಟಿಗಳನ್ನೇ ಕೇಳಬೇಕು. ಕೇಳಿ, ಸಂಕೋಚ ಬೇಡ. ಸರಿಯಾಗಿ ನಡೆಯುವ ಟ್ರಸ್ಟಿನವರು ಕೇಳಿದ ಕೂಡಲೇ ಫೈಲು ತೆಗೆದು ತೋರಿಸಿದ್ದನ್ನು ನಾನು ನೋಡಿದ್ದೇನೆ.

ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಬರುವ, ಲಾಭ ಹಂಚದ ಕಂಪನಿಗಳೂ ಇವೆ. ನಮ್ಮ ಕಡೆ ಕಡಿಮೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತವೆ.

ಮನೆಯಲ್ಲೇ ಕೂತು ನೋಡಬಹುದಾದ್ದು ಎರಡಿದೆ. ಒಂದು, ನೀತಿ ಆಯೋಗದ ಎನ್‌ಜಿಒ ದರ್ಪಣ್. ಕೇಂದ್ರದ ಅನುದಾನ ಬೇಕೆನ್ನುವವರು ಅಲ್ಲಿ ಹೆಸರು ಹಾಕಿಸಿರುತ್ತಾರೆ. ಸಂಸ್ಥೆಯವರೇ ತುಂಬಿದ ಮಾಹಿತಿ ಅದು, ನೆನಪಿರಲಿ. ಇನ್ನೊಂದು, ಗೃಹ ಸಚಿವಾಲಯದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪಟ್ಟಿ. ವಿದೇಶದಿಂದ ದೇಣಿಗೆ ಪಡೆಯಲು 2010ರ ಈ ಕಾಯ್ದೆಯ ನೋಂದಣಿ ಅಥವಾ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಗೇ ಬರಬೇಕು. ಕೆಲವು ಸಂಸ್ಥೆಗಳ ನೋಂದಣಿ ರದ್ದಾಗಿರುತ್ತದೆ. ರದ್ದಾಗಿದೆ ಅಂದ ಮಾತ್ರಕ್ಕೆ ಕಳ್ಳರು ಅಂತ ತೀರ್ಮಾನ ಮಾಡಬೇಡಿ. ಸಣ್ಣ ಸಂಸ್ಥೆಗಳು ರಿಟರ್ನ್ ತುಂಬುವುದು ಬಿಟ್ಟು ಹೋಗಿಯೂ ರದ್ದಾಗುತ್ತವೆ.

ಸಹಕಾರ ಸಂಘ ಸೇರಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಸಿರ್ಸಿಯವರಿಗಂತೂ 1923ರಿಂದ ನಡೆದುಬಂದ ಅಡಿಕೆ ಬೆಳೆಗಾರರ ಸಹಕಾರ ಸಂಘ ಟಿಎಸ್‌ಎಸ್ ಬಿಟ್ಟು ಸಂಸ್ಥೆ ಅಂದರೆ ಬೇರೆ ಹೊಳೆಯುವುದೇ ಇಲ್ಲ! ಆದರೆ ಸಹಕಾರ ಸಂಘದಲ್ಲಿ ಲಾಭವನ್ನು ಷೇರುದಾರರಿಗೆ ಡಿವಿಡೆಂಡ್ ಆಗಿ ಹಂಚಬಹುದು. ಅಲ್ಲೇ ಗೆರೆ. ನಾನು ಬೇರೆ ಪುಟದಲ್ಲಿ ಬರೆದಿಟ್ಟಿದ್ದೇನೆ, ನೀವೂ ಹಾಗೇ ಮಾಡಿದರೆ ಅಡ್ಡಿಲ್ಲ.

ಇನ್ನು ಯಾವ ಪುಸ್ತಕಕ್ಕೂ ಸಿಗದವರು. ಸಿರ್ಸಿ ತಾಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್‌ನಲ್ಲಿ ಕಾಡು ಕಡಿಯುವುದನ್ನು ತಡೆಯಲು ಮರ ತಬ್ಬಿ ನಿಂತಾಗ ಯಾವ ನೋಂದಣಿ ಸಂಖ್ಯೆ ಇತ್ತು? ಆದರೂ ಅಪ್ಪಿಕೋ ಚಳವಳಿಯನ್ನು ಬಿಟ್ಟು ಈ ಜಿಲ್ಲೆಯ ಸಮಾಜಸೇವೆಯ ಲೆಕ್ಕ ಬರೆಯಲು ಆಗುತ್ತದಾ? ಇವತ್ತಿಗೂ ಅಂಥವು ಬೇಕಾದಷ್ಟಿವೆ. ಸ್ತ್ರೀಶಕ್ತಿ ಗುಂಪುಗಳನ್ನು ಅಂಗನವಾಡಿ ಟೀಚರ್ ಹತ್ತಿರ ಕೇಳಿ, ಅವರ ಬಾಯಲ್ಲೇ ಪಟ್ಟಿ ಇರುತ್ತದೆ. ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಗಳ ಲೆಕ್ಕ ತಾಲೂಕು ಪಂಚಾಯಿತಿಯಲ್ಲಿದೆ. ಗ್ರಾಮ ಅರಣ್ಯ ಸಮಿತಿಗಳದ್ದು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ. ಭಜನಾ ಮಂಡಳಿ, ತಾಳಮದ್ದಲೆ ಕೂಟ ಇವನ್ನೆಲ್ಲ ತಿಳಿಯಲು ಊರ ಕಿರಾಣಿ ಅಂಗಡಿಯ ಗೋಡೆ ನೋಡಿ. ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಘಟಕರು’ ಅಂತ ಇರುತ್ತದಲ್ಲ, ಅದೇ.

ಇಷ್ಟಾದ ಮೇಲೆ ಕೈಯಲ್ಲಿ ಹೆಸರುಗಳ ದೊಡ್ಡ ರಾಶಿ ಇರುತ್ತದೆ. ಅದನ್ನೇ ಎಣಿಸಿ ‘ನಮ್ಮ ತಾಲೂಕಿನಲ್ಲಿ ಇಷ್ಟು’ ಅಂತ ಹೇಳಲು ಹೋಗಬೇಡಿ. ಕೇಂದ್ರ ಅಂಕಿಅಂಶ ಕಚೇರಿಯವರು ಇಡೀ ದೇಶಕ್ಕೆ ಇದೇ ಕೆಲಸ ಮಾಡಿದ್ದರು. 2008ರವರೆಗೆ ನೋಂದಣಿಯಾದವು ಸುಮಾರು 31.7 ಲಕ್ಷ. ಅದರಲ್ಲಿ 22 ಲಕ್ಷ ಚಿಲ್ಲರೆ ಸಂಸ್ಥೆಗಳನ್ನು ಹುಡುಕಿಕೊಂಡು ಹೋದರೆ, ಸಿಕ್ಕಿದ್ದು 7 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಕಡೆಯ ಕೆಲಸ ಕಾಲಿನದ್ದು. ಬೈಕ್ ತೆಗೆದುಕೊಂಡು ವಿಳಾಸಕ್ಕೆ ಹೋಗಿ. ಮಳೆಗಾಲ ಬೇಡ, ಅಡಿಕೆ ಕೊಯ್ಲಿನ ಹೊತ್ತೂ ಬೇಡ, ಯಾರಿಗೂ ಪುರುಸೊತ್ತು ಇರುವುದಿಲ್ಲ.

ಒಂದು ಮಹಿಳಾ ಮಂಡಳಿ ಹುಡುಕಿಕೊಂಡು ಹೋಗಿದ್ದೆ. ಕಾಗದದಲ್ಲಿ ಅದು ಸತ್ತು ಎಷ್ಟೋ ವರ್ಷ ಆಗಿತ್ತು. ಬೋರ್ಡಿನ ಬಣ್ಣ ಉದುರಿ ‘ಹಿಳಾ ಮಂಡ’ ಅಷ್ಟೇ ಉಳಿದಿತ್ತು, ಬಾಗಿಲಿಗೆ ಬೀಗ. ವಾಪಸು ಹೊರಟಿದ್ದೆ. ಪಕ್ಕದ ಮನೆಯ ಅಜ್ಜಿ ಅಂಗಳದಿಂದ ಕೂಗಿದರು, “ಬಾ ತಮಾ, ಆಸ್ರಿಗೆ ಎಂತ ಬೇಕು?” ಅವರೇ ಖಜಾಂಚಿ. ಮಜ್ಜಿಗೆ ಕೊಟ್ಟು, ಒಳಗಿನ ಕಪಾಟಿನಿಂದ ಠರಾವು ಪುಸ್ತಕ ತಂದರು. ಕೆಂಪು ಬಟ್ಟೆಯ ಬೈಂಡು, ಅಂಚು ಗೆದ್ದಲು ತಿಂದಿದೆ. ಕೊನೆಯ ಸಭೆ ಹೋದ ತಿಂಗಳದ್ದು! ಹದಿನಾಲ್ಕು ಸಹಿ, ಎರಡು ಹೆಬ್ಬೆಟ್ಟು. ಬಾಣಂತಿಯೊಬ್ಬಳ ಆಸ್ಪತ್ರೆ ಖರ್ಚಿಗೆ ಎರಡು ಸಾವಿರ ಕೊಟ್ಟ ಠರಾವು, ಅದರ ಕೆಳಗೆ ದೊಡ್ಡ ಪಾತ್ರೆ ಬಾಡಿಗೆಯಿಂದ ಬಂದ ಹಣದ ಲೆಕ್ಕ. ಕಾರವಾರಕ್ಕೆ ಕಾಗದ ಕಳಿಸುತ್ತಿದ್ದ ಕಾರ್ಯದರ್ಶಿ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಆ ಕೆಲಸ ಯಾರಿಗೂ ಬರಲಿಲ್ಲ, ಅಷ್ಟೇ.

ಹಾಗಾಗಿ ಹೋದಲ್ಲೆಲ್ಲ ಠರಾವು ಪುಸ್ತಕ ನೋಡಿ. ಪ್ರಮಾಣಪತ್ರ ಗೋಡೆಯ ಮೇಲೆ ಫ್ರೇಮಿನಲ್ಲಿ ಇದ್ದೇ ಇರುತ್ತದೆ, ಅದರಿಂದ ಹುಟ್ಟಿದ ದಿನ ಮಾತ್ರ ತಿಳಿಯುತ್ತದೆ. ಕೊನೆಯ ಸಭೆಯ ತಾರೀಕು, ಬಂದವರ ಸಂಖ್ಯೆ, ಹಣ ಎಲ್ಲಿಂದ ಬರುತ್ತದೆ, ಯಾವ ಕೆಲಸಕ್ಕೆ ಹೋಗುತ್ತದೆ, ನೆರೆ-ಗುಡ್ಡ ಕುಸಿತ ಆದರೆ ಇವರ ಹತ್ತಿರ ಎಂತ ಇದೆ: ದೋಣಿ, ಪಾತ್ರೆ, ಜೀಪು, ಸಭಾಭವನ. ಇಷ್ಟು ಬರೆದುಕೊಳ್ಳಿ. ಫೋನ್ ನಂಬರ್ ಇಬ್ಬರದ್ದು ತೆಗೆದುಕೊಳ್ಳಿ, ಅವರನ್ನು ಕೇಳಿಯೇ. ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಡಿ, ನಂಬರ್‌ಗಳ ಹಾಳೆ ಮಾತ್ರ ನಿಮ್ಮ ಹತ್ತಿರ ಇರಲಿ. ಮೇ ತಿಂಗಳಲ್ಲಿ ಒಂದು ಸಲ ಎಲ್ಲರಿಗೂ ಫೋನ್ ಮಾಡಿ ಸರಿ ಇದೆಯಾ ನೋಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಕಡೆ ಫೋನ್ ಸಿಗುವುದೇ ಕಷ್ಟ.