ಬುಡಾಪೆಸ್ಟಿನ ಖಾನಾವಳಿಯಲ್ಲಿ ಮಾಂಸವಿಲ್ಲದ ಊಟ

ಸಂಶೋಧನೆಯ ಕೆಲಸದ ಮೇಲೆ ಎರಡು ವರ್ಷ ಬುಡಾಪೆಸ್ಟಿನಲ್ಲಿದ್ದಾಗ ವಾರಕ್ಕೆ ಮೂರು ದಿನವಾದರೂ ಮಧ್ಯಾಹ್ನದ ಊಟ ಒಂದೇ ಜಾಗದಲ್ಲಿ ಆಗುತ್ತಿತ್ತು. ಡ್ಯಾನ್ಯೂಬ್ ನದಿಯ ಪೆಸ್ಟ್ ದಂಡೆಯ ಎಂಟನೆಯ ಜಿಲ್ಲೆಯಲ್ಲಿ, ನಾಲ್ಕು ಮತ್ತು ಆರನೆಯ ನಂಬರಿನ ಟ್ರಾಮುಗಳು ಓಡುವ ವರ್ತುಲ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಸಿಗುವ, ಏಳೇ ಏಳು ಮೇಜುಗಳ, ಕೆಂಪು-ಬಿಳಿ ಚೌಕಳಿಯ ಮೇಜುವಸ್ತ್ರ ಹಾಸಿದ ಪುಟ್ಟ ಅಂಗಡಿ ಅದು. ಇಂಥ ಜಾಗವನ್ನು ಹಂಗೇರಿಯನ್ನರು ‘ಏಟ್ಕೆಜ್ಡೆ’ ಎನ್ನುತ್ತಾರೆ. ನಿಘಂಟಿನಲ್ಲಿ ಅದಕ್ಕೆ ಬೇರೆ ಅರ್ಥವಿರಬಹುದು, ಹಾವೇರಿ ಜಿಲ್ಲೆಯಿಂದ ಹೋದ ನನಗೆ ಮಾತ್ರ ಮೊದಲ ದಿನವೇ ಅದು ಖಾನಾವಳಿಯಾಗಿ ಕಂಡಿತು. ಅಜ್ಜಿ ಅಡುಗೆಮನೆಯಲ್ಲಿ, ಮಗ ಬಡಿಸಲು, ಸೊಸೆ ಗಲ್ಲಾಪೆಟ್ಟಿಗೆಯ ಮುಂದೆ. ಶಾಲೆ ಬಿಟ್ಟು ಬಂದ ಮೊಮ್ಮಗಳು ಮೂಲೆಯ ಮೇಜಿನಲ್ಲಿ ಮನೆಪಾಠ ಬರೆಯುತ್ತಿದ್ದಳು. ಆ ದಿನ ಏನು ಬೇಯುತ್ತದೆಯೋ ಅದರ ಪಟ್ಟಿಯನ್ನು ಕೈಬರಹದಲ್ಲಿ ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು. ಒಂದು ಸೂಪು, ಒಂದು ಮುಖ್ಯ ತಿನಿಸು, ಎರಡಕ್ಕೂ ಸೇರಿ ಒಂದೇ ದರ. ಹನ್ನೊಂದೂವರೆಗೆ ತೆರೆದರೆ ಮೂರಕ್ಕೆ ಮುಚ್ಚುತ್ತಿತ್ತು. ಶನಿವಾರ, ಭಾನುವಾರ ರಜೆ.

ನಮ್ಮದು ಲಿಂಗಾಯತ ಮನೆ. ಹುಬ್ಬಳ್ಳಿಯ ಕಾಲೇಜು ದಿನಗಳಲ್ಲಿ ಮೊಟ್ಟೆಯವರೆಗೆ ಬಂದಿದ್ದೆನಾದರೂ ಅದರಾಚೆಗೆ ದಾಟಿರಲಿಲ್ಲ, ದಾಟುವ ಮನಸ್ಸೂ ಇರಲಿಲ್ಲ. ಹಂಗೇರಿಯ ಅಡುಗೆಯೆಂದರೆ ಮಾಂಸ ಎಂಬ ಎಚ್ಚರಿಕೆ ಹೊರಡುವ ಮೊದಲೇ ಕಿವಿಗೆ ಬಿದ್ದಿತ್ತು. ಹಾಗಾಗಿ ವಿಮಾನದಲ್ಲಿಯೇ ‘ಹೂಶ್ ನೇಲ್ಕ್ಯುಲ್’, ಅಂದರೆ ‘ಮಾಂಸವಿಲ್ಲದೆ’, ಎಂಬ ಎರಡು ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ದಿನ ಪಟ್ಟಿಯಲ್ಲಿ ಬೀನ್ಸ್ ಕಾಳಿನ ಸೂಪು ಇತ್ತು. ಆ ಎರಡು ಪದಗಳನ್ನು ಜೋಡಿಸಿ ಕೇಳಿದೆ. ಮಗ ತಲೆಯಾಡಿಸಿ ಒಳಗೆ ಹೋದರು, ಹಬೆಯಾಡುವ ಬಟ್ಟಲು ಬಂತು, ಎರಡು ಚಮಚ ಕುಡಿದೆ. ಮೂರನೆಯದಕ್ಕೆ ಹೊಗೆಯ ವಾಸನೆ ಮೂಗಿಗೆ ಹತ್ತಿತು. ಕರೆದು ಕೇಳಿದರೆ ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ. “ನೀವು ಮಾಂಸ ಬೇಡ ಎಂದಿರಲ್ಲ, ತುಂಡುಗಳನ್ನೆಲ್ಲ ನಾನೇ ತೆಗೆದಿದ್ದೇನೆ” ಎಂದರು. ಹೊಗೆಯಲ್ಲಿ ಒಣಗಿಸಿದ ಹಂದಿಯ ಕಾಲಿನೊಂದಿಗೆ ಗಂಟೆಗಟ್ಟಲೆ ಬೆಂದ ಕಾಳು ಅದು. ಅವರ ಲೆಕ್ಕದಲ್ಲಿ ಮಾಂಸವೆಂದರೆ ತುಂಡು, ರಸ ಬರೀ ರಸ.

ಅವರ ಮೇಲೆ ಸಿಟ್ಟು ಬರಲಿಲ್ಲ, ತಪ್ಪು ನಾನು ಕೇಳಿದ ಪ್ರಶ್ನೆಯಲ್ಲಿತ್ತು. ತಟ್ಟೆಯ ಮೇಲೆ ಏನಿದೆ ಎಂದು ಕೇಳಿದ್ದೆನೇ ಹೊರತು ಪಾತ್ರೆಯ ತಳಕ್ಕೆ ಮೊದಲು ಏನು ಬಿತ್ತು ಎಂದು ಕೇಳಿರಲಿಲ್ಲ. ನಮ್ಮ ಅಡುಗೆ ಎಣ್ಣೆ-ಸಾಸಿವೆಯಿಂದ ಶುರುವಾಗುವ ಹಾಗೆ ಹಂಗೇರಿಯ ಹಳೆಯ ಅಡುಗೆ ‘ಝೀರ್’ ಎಂಬ ಹಂದಿಯ ಕೊಬ್ಬಿನಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಹುರಿಯುವುದರಿಂದ ಶುರುವಾಗುತ್ತದೆ. ಬರೀ ತರಕಾರಿಯ ಪದಾರ್ಥಕ್ಕೂ ಆರಂಭ ಇದೇ ಆಗಿರಬಹುದು. ಆದ್ದರಿಂದ ಮರುದಿನ ಎರಡು ಹೊಸ ಪ್ರಶ್ನೆಗಳನ್ನು ಕಲಿತು ಹೋದೆ. ಈರುಳ್ಳಿ ಹುರಿದದ್ದು ಝೀರಿನಲ್ಲೋ, ‘ಒಲಯ್’ ಅಂದರೆ ಎಣ್ಣೆಯಲ್ಲೋ? ಸೂಪಿಗೆ ಹಾಕಿದ್ದು ನೀರೋ, ಮೂಳೆ ಬೇಯಿಸಿದ ರಸವೋ? ಪ್ರಶ್ನೆ ಕೇಳಿಸಿಕೊಂಡ ಮಗ ಉತ್ತರ ಹೇಳಲಾಗದೆ ನೇರವಾಗಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದೊಯ್ದರು. ಅಲ್ಲಿಂದ ಮುಂದೆ ನನ್ನ ವ್ಯವಹಾರವೆಲ್ಲ ಅಜ್ಜಿಯೊಂದಿಗೆ ನಡೆಯಿತು. ಹಿರಿಯ ಹೆಂಗಸರನ್ನು ಅಲ್ಲಿ ಹೆಸರಿನ ಕೊನೆಗೆ ‘ನೇನಿ’ ಎಂದು ಸೇರಿಸಿ ಕರೆಯುವುದು ವಾಡಿಕೆ, ನಮ್ಮಲ್ಲಿ ಹೆಸರಿಗೆ ಅಮ್ಮ, ಅಕ್ಕ ಅಂಟಿಸುವ ಹಾಗೆ. ನಾನು ಬರೀ ನೇನಿ ಎಂದೇ ಬರೆಯುತ್ತೇನೆ.

ನೇನಿ ನನ್ನ ಎರಡು ಪ್ರಶ್ನೆಗಳನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಒಂದೇ ಪದ ‘ಫೋಜೆಲೇಕ್’. ಪ್ರವಾಸಿಗರಿಗಾಗಿ ಇಂಗ್ಲಿಷಿನಲ್ಲಿ ಮುದ್ರಿಸಿದ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ, ಇದನ್ನು ಉಣ್ಣುವವರು ಊರಿನವರೇ. ತರಕಾರಿಯನ್ನೋ ಕಾಳನ್ನೋ ಬೇಯಿಸಿ, ಹಿಟ್ಟಿನಿಂದ ಮಂದ ಮಾಡಿ, ಚಮಚದಲ್ಲಿ ತಿನ್ನುವ ಪದಾರ್ಥ. ಪಲ್ಯಕ್ಕಿಂತ ತೆಳು, ಸಾರಿಗಿಂತ ಗಟ್ಟಿ. ಮಂದ ಮಾಡುವುದಕ್ಕೆ ಎರಡು ದಾರಿಗಳಿವೆ. ಕೊಬ್ಬಿನಲ್ಲೋ ಎಣ್ಣೆಯಲ್ಲೋ ಗೋಧಿ ಹಿಟ್ಟನ್ನು ಹುರಿದು ಬೆರೆಸಿದರೆ ಅದು ‘ರಾಂಟಾಶ್’. ಹಸಿ ಹಿಟ್ಟನ್ನು ‘ತೆಯ್‌ಫೋಲ್’ ಎಂಬ ಹುಳಿ ಕೆನೆಯಲ್ಲಿ ಕದಡಿ ಸುರಿದರೆ ಅದು ‘ಹಬರಾಶ್’. ನನ್ನಂಥವಳಿಗೆ ಈ ವ್ಯತ್ಯಾಸ ಬರೀ ರುಚಿಯದ್ದಲ್ಲ. ರಾಂಟಾಶ್ ಎಂದರೆ ಝೀರ್ ಬಂದಿರುವ ಸಾಧ್ಯತೆ ಇದೆ, ಹಬರಾಶ್ ಎಂದರೆ ಬಹುಮಟ್ಟಿಗೆ ನಿಶ್ಚಿಂತೆ. ಇನ್ನು ಫೋಜೆಲೇಕಿನ ನೆತ್ತಿಯ ಮೇಲೆ ಇಡುವ ‘ಫೆಲ್ಟೇಟ್’ ಎಂಬುದೊಂದಿದೆ. ಅದು ಸಾಸೇಜು, ಕೊಚ್ಚಿದ ಮಾಂಸದ ವಡೆ, ಇಲ್ಲವೇ ಕರಿದ ಮೊಟ್ಟೆ. ಮೊಟ್ಟೆಯನ್ನೇ ಕೇಳಿ ಪಡೆಯಬಹುದು. ನಾನು ಹಾಗೆಯೇ ಮಾಡುತ್ತಿದ್ದೆ.

ಮೊದಲು ತಿಂದದ್ದು ಹಳದಿ ಬಟಾಣಿ ಬೇಳೆಯದು. ಮೇಲೆ ಕೆಂಪಗೆ ಹುರಿದ ಈರುಳ್ಳಿ. ಕಣ್ಣು ಮುಚ್ಚಿ ತಿಂದರೆ ಒಗ್ಗರಣೆ ಹಾಕಲು ಮರೆತ ದಪ್ಪ ತೊವ್ವೆ. ಜನವರಿ ಒಂದರಂದು ಅಲ್ಲಿ ಮಸೂರ ಬೇಳೆಯದ್ದನ್ನು ತಿನ್ನುವುದು ಪದ್ಧತಿ, ಕಾಳುಗಳು ನಾಣ್ಯದಂತಿರುವುದರಿಂದ ವರ್ಷವಿಡೀ ದುಡ್ಡು ಓಡಾಡುತ್ತದೆ ಎಂಬ ನಂಬಿಕೆ. ಆಲೂಗಡ್ಡೆಯದಕ್ಕೆ ತೇಜಪತ್ತೆಯ ಘಮ. ವಸಂತದಲ್ಲಿ ‘ಶೋಷ್ಕ’ ಎಂಬ ಹುಳಿ ಸೊಪ್ಪು ಬಂದಾಗ, ಇದು ಪುಂಡಿ ಪಲ್ಯದ ಹತ್ತಿರದ ನೆಂಟನಿರಬೇಕೆಂದು ಆಸೆಯಿಂದ ತರಿಸಿಕೊಂಡೆ. ಹುಳಿಯೇನೋ ಅದೇ ಜಾತಿಯದು, ಆದರೆ ಅದಕ್ಕೆ ಸಕ್ಕರೆ ಹಾಕಿದ್ದರು! ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ ಬಿಟ್ಟು ಬೇರೆ ಗತಿಯನ್ನು ಊಹಿಸದ ನನಗೆ ಅದನ್ನು ಪೂರ್ತಿ ಮುಗಿಸಲು ಆಗಲಿಲ್ಲ. ಈಗಲೂ ಆ ವಿಷಯದಲ್ಲಿ ಹಂಗೇರಿಯವರೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಬೇಸಿಗೆಯ ಸೋರೆಯಂಥ ಕಾಯಿಯ ಫೋಜೆಲೇಕ್ ಮಾತ್ರ ನನ್ನನ್ನು ಪೂರ್ತಿ ಗೆದ್ದಿತು. ‘ಟೋಕ್’ ಎಂಬ ಎಳೆ ಕಾಯಿಯನ್ನು ಶಾವಿಗೆಯಂತೆ ತುರಿದು, ಉಪ್ಪು ಹಚ್ಚಿ ನೀರು ಬಸಿದು, ಬೇಯಿಸಿ, ಹುಳಿ ಕೆನೆ ಸೇರಿಸಿ, ಕೊನೆಗೆ ಒಂದು ಹಿಡಿ ಹಸಿರು ಸೊಪ್ಪು ಹೆಚ್ಚಿ ಹಾಕುತ್ತಾರೆ. ತಟ್ಟೆ ಮೇಜಿಗೆ ಬರುವ ಮೊದಲೇ ಅದರ ವಾಸನೆ ಬಂತು. ಬೆಂಗಳೂರಿನವರು ಇಡ್ಲಿಯಲ್ಲೂ ಬಸ್ಸಾರಿನಲ್ಲೂ ಹಾಕುವ, ನಮ್ಮ ಕಡೆ ರೊಟ್ಟಿಯ ಜೊತೆ ಪಲ್ಯವಾಗುವ ಅದೇ ಸಬ್ಬಸಿಗೆ. ‘ಕಪೊರ್’ ಎಂದರು ನೇನಿ. ಅದೇ ಭರವಸೆಯಲ್ಲಿ ಇನ್ನೊಂದು ದಿನ ಡಬ್ಬಿಯಲ್ಲಿದ್ದ ‘ಕೋಮೇನ್’ ಕಾಳುಗಳನ್ನು ಜೀರಿಗೆ ಎಂದು ಗುರುತಿಸಿ ಬೀಗಿದೆ. ಅಗಿದಾಗ ಬೇರೆಯೇ ಆಗಿತ್ತು. ಆಕಾರ ಜೀರಿಗೆಯದ್ದೇ, ವಾಸನೆಯಲ್ಲಿ ಓಮಿನ ಕಡೆಗೂ ಸೋಂಪಿನ ಕಡೆಗೂ ವಾಲುವ ಶಾಹಿ ಜೀರಿಗೆಯ ದಾಯಾದಿ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಪಪ್ರಿಕಾ ಎಂಬ ಅಲ್ಲಿಯ ಕೆಂಪು ಮೆಣಸಿನಕಾಯಿಯ ಪುಡಿ ಹಾಕುವ ಕ್ರಮ. ಈರುಳ್ಳಿ ಬಾಡಿ ಹೊಳಪು ಬಂದ ಮೇಲೆ ನೇನಿ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಇಳಿಸುತ್ತಿದ್ದರು. ಆಮೇಲೆ ಪುಡಿ ಹಾಕಿ, ಬಿಸಿ ಎಣ್ಣೆಯಲ್ಲಿ ಎರಡು ಸುತ್ತು ಕೈಯಾಡಿಸಿ, ತಡಮಾಡದೆ ನೀರು ಹೊಯ್ಯುತ್ತಿದ್ದರು. ಬಣ್ಣ ಬಿಡುವುದು ಜಿಡ್ಡಿನಲ್ಲಿ, ಹಾಗಾಗಿ ಎಣ್ಣೆ ಬೇಕು. ಪುಡಿಯಲ್ಲಿ ಸಕ್ಕರೆಯ ಅಂಶವಿರುವುದರಿಂದ ಬೆಂಕಿಯ ಮೇಲೆ ಅರೆಗಳಿಗೆ ಹೆಚ್ಚಾದರೂ ಸೀದು ಕಹಿಯಾಗುತ್ತದೆ. ಅವರ ಕಪಾಟಿನಲ್ಲಿದ್ದ ಡಬ್ಬಿ ಸೆಗೆಡ್ ಊರಿನದು. ಕಲೊಚ ಮತ್ತು ಸೆಗೆಡ್ ಪಪ್ರಿಕಾಕ್ಕೆ ಹೆಸರಾದ ಊರುಗಳು. 1937ರಲ್ಲಿ ನೊಬೆಲ್ ಪಡೆದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಸೆಗೆಡ್‌ನ ವಿಶ್ವವಿದ್ಯಾಲಯದಲ್ಲಿದ್ದಾಗ ಸಿ ಜೀವಸತ್ವವನ್ನು ರಾಶಿಗಟ್ಟಲೆ ಬೇರ್ಪಡಿಸಿದ್ದು ಅಲ್ಲಿಯ ಪಪ್ರಿಕಾದಿಂದಲೇ.

ಬ್ಯಾಡಗಿಯ ಮಾರುಕಟ್ಟೆಯ ಘಾಟಿನಲ್ಲಿ ಸೀನುತ್ತ ಬೆಳೆದವಳು ನಾನು. ಊರಿಗೆ ಬಂದು ಹಿಂತಿರುಗುವಾಗ ಬ್ಯಾಡಗಿಯ ‘ಡಬ್ಬಿ’ ಎಂಬ ಬಗೆಯ ಮೆಣಸಿನಕಾಯಿಯ ಪುಡಿಯನ್ನು ಅರ್ಧ ಕಿಲೋ ನೇನಿಗೆಂದು ಒಯ್ದೆ. ಖಾರಕ್ಕಿಂತ ಬಣ್ಣಕ್ಕೆ ಬೆಲೆ ಪಡೆಯುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ಎಂಬುದನ್ನು ನನ್ನ ಮುರುಕು ಹಂಗೇರಿಯನ್ನಿನಲ್ಲಿ ಹೆಮ್ಮೆಯಿಂದ ವಿವರಿಸಿದೆ. ನೇನಿ ಅಂಗೈಗೆ ಹಾಕಿಕೊಂಡು ಮೂಸಿದರು, ಬೆಳಕಿಗೆ ಹಿಡಿದರು, ಬಣ್ಣಕ್ಕೆ ತಲೆದೂಗಿದರು. ಆ ದಿನದ ಆಲೂಗಡ್ಡೆಯ ಪದಾರ್ಥಕ್ಕೆ, ತಮ್ಮ ಸಿಹಿ ಪಪ್ರಿಕಾ ಹಾಕುವ ಅಳತೆಯಲ್ಲಿಯೇ, ಮೂರು ದೊಡ್ಡ ಚಮಚ ಸುರಿದರು. ನಮಗೆ ಸಪ್ಪೆ ಎನಿಸುವ ಬ್ಯಾಡಗಿ ಅಲ್ಲಿಯ ನಾಲಿಗೆಗಳಿಗೆ ಸಪ್ಪೆಯಲ್ಲ ಎಂಬುದು ಹನ್ನೆರಡೂವರೆಯ ಹೊತ್ತಿಗೆ ಏಳೂ ಮೇಜುಗಳಲ್ಲಿ ತಿಳಿಯಿತು. ಮಗ ನೀರಿನ ಹೂಜಿ ಹಿಡಿದು ಓಡಾಡುತ್ತ ನನ್ನ ಕಡೆ ನೋಡುತ್ತಿದ್ದ ನೋಟ ಇನ್ನೂ ನೆನಪಿದೆ. ನೇನಿ ಮಾತ್ರ ಅಳತೆಯನ್ನು ಒಂದಕ್ಕೆ ಇಳಿಸಿ, ಉಳಿದ ಎರಡಕ್ಕೆ ಸೆಗೆಡ್ ಪುಡಿ ಬೆರೆಸಿ, ಆ ಅರ್ಧ ಕಿಲೋವನ್ನು ಚಳಿಗಾಲ ಮುಗಿಯುವವರೆಗೆ ಬಳಸಿದರು. ಅಂದಹಾಗೆ, ಕಾಳುಮೆಣಸಿನ ಹೆಸರಿನಿಂದ ನಾವು ಮೆಣಸಿನಕಾಯಿ ಎಂದು ಕರೆದ ಹಾಗೆ, ಪಪ್ರಿಕಾ ಎಂಬ ಪದದ ಬೇರೂ ಸ್ಲಾವಿಕ್ ಭಾಷೆಗಳ ಕಾಳುಮೆಣಸೇ. ಅಮೆರಿಕದಿಂದ ಹೊರಟ ಒಂದೇ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೂ, ತುರ್ಕರ ಆಳ್ವಿಕೆಯ ಕಾಲದಲ್ಲಿ ಹಂಗೇರಿಗೂ ಬಂದು ಎರಡೂ ಕಡೆ ಹಳೆಯ ಹೆಸರನ್ನೇ ತೊಟ್ಟುಕೊಂಡಿತು.

ಖಾರ ಬೇಕೆನ್ನುವವರಿಗೆ ಮೇಜಿನ ಮೇಲೆ ‘ಎರೋಶ್ ಪಿಷ್ಟ’ ಎಂಬ ಬಾಟಲಿ ಇರುತ್ತದೆ. ಹಸಿ ಕೆಂಪು ಮೆಣಸಿನಕಾಯಿಯನ್ನು ಉಪ್ಪಿನೊಂದಿಗೆ ಕೊಚ್ಚಿದ ಹಿಂಡಿ. ಬೆಳ್ಳುಳ್ಳಿ ಸೇರಿಸಿದರೆ ನಮ್ಮ ರಂಜಕವೇ ಸರಿ. ಪಪ್ರಿಕಾ, ಹುಳಿ ಕೆನೆ ಹಾಕಿ ಬೇಯಿಸುವ ಅಣಬೆಯ ‘ಪಪ್ರಿಕಾಶ್’ ಕೂಡ ನನ್ನ ಪಾಲಿಗೆ ಒದಗಿತು. ಅಣಬೆಗೆ ಅವರ ಭಾಷೆಯಲ್ಲಿ ‘ಗೊಂಬ’ ಎಂಬ ಹೆಸರಿದ್ದುದರಿಂದ ಅದನ್ನು ಕೇಳುವಾಗಲೆಲ್ಲ ಒಳಗೊಳಗೇ ನಗು ಬರುತ್ತಿತ್ತು. ಅದರ ಜೊತೆಗೆ ಮೊಟ್ಟೆ ಬೆರೆಸಿದ ಹಿಟ್ಟಿನ ಪುಟ್ಟ ಉಂಡೆಗಳಾದ ನೊಕೆಡ್ಲಿ. ಕರಿದ ಚೀಸು ಎಲ್ಲೆಡೆ ಸಿಗುತ್ತದೆ, ಸಸ್ಯಾಹಾರಿ ಎಂದ ಕೂಡಲೇ ಎಲ್ಲರೂ ತೋರಿಸುವುದು ಅದನ್ನೇ. ನಾಲ್ಕನೆಯ ಸಲಕ್ಕೆ ನನಗೆ ಸಾಕಾಯಿತು.

ಸೂಪಿನ ಸರದಿಯಲ್ಲಿ ಒಮ್ಮೆ ತಣ್ಣನೆಯ ಸಿಹಿ ಬಂದಾಗ ಬೆಚ್ಚಿದ್ದೆ. ಹುಳಿ ಚೆರ್ರಿಯನ್ನು ಸಕ್ಕರೆ, ದಾಲ್ಚಿನ್ನಿಯೊಂದಿಗೆ ಬೇಯಿಸಿ ಕೆನೆ ಸೇರಿಸಿ ಆರಿಸಿದ ಬೇಸಿಗೆಯ ಸೂಪು ಅದು. ಎಲೆಯ ತುದಿಗೆ ಮೊದಲು ಪಾಯಸ ಬಡಿಸುವ ನಾಡಿನವಳು ಇದಕ್ಕೆ ಬೆಚ್ಚಬಾರದಿತ್ತು. ಇನ್ನೊಂದು ದಿನ ಮುಖ್ಯ ತಿನಿಸಾಗಿಯೇ ‘ಮಾಕೋಶ್ ಟೇಸ್ಟ’ ಬಂತು. ಬೇಯಿಸಿದ ನೂಡಲ್ಸಿನ ಮೇಲೆ ಅರೆದ ಗಸಗಸೆ ಮತ್ತು ಸಕ್ಕರೆ ಪುಡಿ. ನಮ್ಮದು ಬಿಳಿ ಗಸಗಸೆ, ಅವರದು ನೀಲಿ ಛಾಯೆಯ ಕಪ್ಪು. ಗಸಗಸೆ ಪಾಯಸ ಉಂಡ ಮಧ್ಯಾಹ್ನ ಬರುವ ನಿದ್ದೆ ಎರಡೂ ಕಡೆ ಒಂದೇ.

ಜಾಗ ಚಿಕ್ಕದಾದ್ದರಿಂದ ಅಪರಿಚಿತರ ಮೇಜಿನಲ್ಲಿಯೇ ಕೂರಬೇಕು. ‘ಸಬಾಡ್?’ ಎಂದು ಕೇಳಿ ಕೂತು, ಉಣ್ಣುತ್ತಿರುವವರಿಗೆ ‘ಯೋ ಏಟ್ವಾದ್ಯತ್’ ಎಂದು ಹಾರೈಸಿದರೆ ಸಾಕು, ಮುಂದೆ ಮಾತಾಡುವ ಕಟ್ಟುಪಾಡಿಲ್ಲ. ಹಣ ಕೊಡುವಾಗಲೇ ನಾನು ಎಡವಿದ್ದು. ಎರಡು ಸಾವಿರದ ನಾನೂರು ಫೊರಿಂಟಿನ ಲೆಕ್ಕಕ್ಕೆ ಐದು ಸಾವಿರದ ನೋಟು ಚಾಚಿ, ಒಳ್ಳೆಯ ನಡತೆಯೆಂದು ‘ಕೋಸೋನೋಮ್’, ಧನ್ಯವಾದ, ಎಂದೆ. ಸೊಸೆಯ ಹುಬ್ಬು ಮೇಲೇರಿತು. ನೋಟು ಕೊಡುತ್ತ ಧನ್ಯವಾದ ಹೇಳಿದರೆ ಚಿಲ್ಲರೆ ನಿಮಗೇ ಇರಲಿ ಎಂದು ಅಲ್ಲಿ ಅರ್ಥ. ಆಕೆ ನಗುತ್ತ ಚಿಲ್ಲರೆ ಎಣಿಸಿ ಕೊಟ್ಟು, ಮೊದಲು ಚಿಲ್ಲರೆ ತೆಗೆದುಕೊಳ್ಳಿ, ಧನ್ಯವಾದ ಆಮೇಲೆ ಹೇಳಿ ಎಂದು ಕಲಿಸಿದರು. ಭಕ್ಷೀಸು ಕೊಡಬೇಕೆಂದಿದ್ದರೆ ಅದನ್ನೂ ಸೇರಿಸಿ ಒಟ್ಟು ಎಷ್ಟು ಹಿಡಿದುಕೊಳ್ಳಬೇಕೆಂದು ಬಾಯಲ್ಲೇ ಹೇಳುವುದು ಕ್ರಮ. ದೊಡ್ಡ ಹೋಟೆಲುಗಳಲ್ಲಿ ಸೇವಾಶುಲ್ಕ ಲೆಕ್ಕದಲ್ಲಿಯೇ ಸೇರಿರುವುದುಂಟು, ಚೀಟಿ ನೋಡಿ ಕೊಡಬೇಕು.

ಮೂರು ತಿಂಗಳ ನಂತರ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಹೊಸ್ತಿಲು ದಾಟುವಾಗ ನೇನಿ ಒಳಗಿನಿಂದ ‘ಒಲಯ್’ ಎಂದೋ ‘ಝೀರ್’ ಎಂದೋ ಒಂದೇ ಪದ ಕೂಗುತ್ತಿದ್ದರು. ಝೀರ್ ಎಂದರೆ ಆ ದಿನ ಮೊಸರಿನ ಗಿಣ್ಣದಂಥ ‘ಟೂರೋ’ ಹಾಕಿದ ನೂಡಲ್ಸು. ಅದರ ಮೇಲೆ ಉದುರಿಸುವ ಹುರಿದ ಕೊಬ್ಬಿನ ಚೂರುಗಳನ್ನು ಅವರು ನನ್ನ ತಟ್ಟೆಗೆ ಎಂದೂ ಹಾಕಲಿಲ್ಲ.

ಈಗ ಊರಿನಲ್ಲಿ ಎಳೆ ಸೋರೆಕಾಯಿ ಸಿಕ್ಕಾಗ ತುರಿದು, ಉಪ್ಪು ಹಚ್ಚಿ ಹಿಂಡಿ, ಸಬ್ಬಸಿಗೆ ಹಾಕಿ ಆ ಫೋಜೆಲೇಕ್ ಮಾಡುತ್ತೇನೆ. ಹುಳಿ ಕೆನೆಯ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಬರೀ ಮೊಸರು ಕುದಿಗೆ ಒಡೆಯುತ್ತದೆ. ಗೋಧಿ ಹಿಟ್ಟನ್ನು ಅದರಲ್ಲಿ ಮೊದಲೇ ಕದಡಿ, ಎರಡು ಸೌಟು ಬಿಸಿ ರಸ ಬೆರೆಸಿ ಹದ ಮಾಡಿಕೊಂಡು ಸುರಿದರೆ ಒಡೆಯುವುದಿಲ್ಲ. ಅವ್ವ ಅದನ್ನು ಜೋಳದ ರೊಟ್ಟಿಯ ಜೊತೆ ಉಣ್ಣುತ್ತಾಳೆ. ಕಳೆದ ಸಲ ಎರಡನೆಯ ರೊಟ್ಟಿ ಮುರಿಯುತ್ತ, “ಚಲೋ ಐತಿ, ಆದ್ರ ಒಂದೀಟು ಬೆಳ್ಳುಳ್ಳಿ ಒಗ್ಗರಣಿ ಕೊಡಬೇಕಿತ್ತವ್ವ” ಎಂದಳು.